ಎರಡೂವರೆ ಗಂಟೆ ಮುಂದೆ

ಗುರುವಾರ. ಸಿತ್ರಾದ ಗೋದಾಮುಗಳ ಸಾಲಿನಲ್ಲಿ
ಗಾಜೆಲ್ಲ ಹೊರಮೈಯಲ್ಲಿ ಬೆವರಿತ್ತು.
ವೈಪರ್ ಹಾಕಿಕೊಂಡೇ ಬಂದೆ, ಮಳೆಯಿಲ್ಲದ ದಿನ.
ಸ್ಕಾಫೋಲ್ಡಿಂಗ್ ಕಂಪನಿ, ಎರಡನೇ ಮಹಡಿ.
ಸೆವ್ರಿನ್ ಬಾಯಿ ನನ್ನ ಕಂಡದ್ದೇ
ಕುರ್ಚಿ ಬಿಟ್ಟೆದ್ದರು,
ರೋಗಿಯ ಪಕ್ಕದಿಂದ ಮನೆಯವರು ಏಳುವ ಹಾಗೆ.

"ರಾತ್ರಿ ಅದೇ ಏನೋ ಅಪ್‌ಡೇಟ್ ಮಾಡಿಕೊಂಡಿದೆ ಮಾರಾಯ್ರೆ,
ನಾನು ಮುಟ್ಟಿದ್ದಲ್ಲ.
ಬೆಳಿಗ್ಗೆಯಿಂದ ಪಾಸ್‌ವರ್ಡ್ ಕೇಳ್ತದೆ.
ಕೊಟ್ಟರೆ ಮತ್ತೆ ಕೇಳ್ತದೆ.
ಹದಿನಾರು ವರ್ಷ ಕೂತ ಮೇಜು,
ಯಾರು ನೀನು ಅಂದರೆ ಎಂತ ಹೇಳುವುದು?"

ಜಾಬ್ ಕಾರ್ಡಿನಲ್ಲಿ ಆರಂಭದ ಸಮಯ ಬರೆದೆ,
ಅವರ ಪರದೆಯ ಮೂಲೆ ನೋಡಿ: ಹತ್ತು ಇಪ್ಪತ್ತು.
ಹೊಟ್ಟೆ ಎಂಟೂ ಆಗಿಲ್ಲ ಅನ್ನುತ್ತಿತ್ತು.
ಕೇಳಿಸಿಕೊಳ್ಳಲಿಲ್ಲ.

ಔಟ್‌ಬಾಕ್ಸಿನಲ್ಲಿ ಮೂವತ್ತೊಂದು ಪತ್ರ,
ಬಾಗಿಲು ತೆರೆಯದ ಬಸ್ಸಿನಲ್ಲಿ ನಿಂತವರಂತೆ.
ನೆಟ್ ಇದೆ. ಪಕ್ಕದ ಹಾತಿಮನಿಗೆ ಬರುತ್ತದೆ, ಹೋಗುತ್ತದೆ.
ಬಾಯಿಯ ಮೊಬೈಲಿನಲ್ಲಿ ಇದೇ ಖಾತೆ ಸಲೀಸು.
ಅಂದರೆ ಪಾಸ್‌ವರ್ಡಿನ ತಪ್ಪಲ್ಲ.
ಪೋರ್ಟ್ ಐನೂರ ಎಂಬತ್ತೇಳು, ಸರಿ.
ಫೈರ್‌ವಾಲನ್ನು ಮಲಗಿಸಿದೆ, ಎಬ್ಬಿಸಿದೆ.
ಪ್ರೊಫೈಲ್ ಕಿತ್ತು ಹೊಸದು ಕಟ್ಟಿದೆ.
ಆಂಟಿವೈರಸ್ಸನ್ನು ಸುಮ್ಮನೆ ಬೈದೆ.
ಅಪ್‌ಡೇಟನ್ನೇ ವಾಪಸು ತೆಗೆಯೋಣವೆಂದರೆ
ಆ ಗುಂಡಿ ಬೂದಿ ಬಳಿದುಕೊಂಡು ಕೂತಿತ್ತು.
ಗಾಜಿನಾಚೆಯಿಂದ ಅಶ್ಫಾಕ್ ಸಾಬರು ಮೂರು ಸಲ
"ಖಲಾಸ್?" ಅಂದರು.
ಆರ್ಡರು ಹೊರಡದಿದ್ದರೆ ನಾಳೆ ನಾಡಿದ್ದು ರಜೆ,
ಭಾನುವಾರಕ್ಕೆ ಪೈಪುಗಳಿಲ್ಲ.

ಕರಕ್ ಚಹಾ ಬಂತು. ಆರಿತು. ಮೇಲೆ ಕೆನೆ.
ಹೆಂಡತಿಯ ಮಿಸ್ಡ್ ಕಾಲ್ ನೋಡಲು ಫೋನು ತೆಗೆದೆ:
ಎಂಟೂಮುಕ್ಕಾಲು.
ಪರದೆಯ ಮೂಲೆಯಲ್ಲಿ ಹನ್ನೊಂದೂಕಾಲು.

"ಬಾಯಿ, ನಿಮ್ಮ ಗಡಿಯಾರ ತಪ್ಪಿದೆ."
"ತಪ್ಪಲ್ಲ," ಅಂದರು. "ಅದು ಶಿರ್ವದ್ದು."

ಶಿರ್ವದಲ್ಲಿ ಅವರದೊಂದು ಹೊಲಿಗೆ ಅಂಗಡಿ.
ಮೂರು ಮೆಷಿನು, ಮೂವರು ಹುಡುಗಿಯರು,
ಒಂಬತ್ತೂವರೆಗೆ ಶಟರ್ ಏಳಬೇಕು.
ಎತ್ತಿದರೋ, ಗುಂಡಿ ತಂದರೋ,
ಶಾಲೆಯ ಯೂನಿಫಾರ್ಮಿಗೆ ಕೈ ಹಚ್ಚಿದರೋ
ಇಲ್ಲಿಂದಲೇ ಕೇಳಬೇಕು.
"ಪ್ರತಿ ಸಲ ಕೂಡಿಸಿ ಕೂಡಿಸಿ ಸಾಕಾಯ್ತು.
ಒಂದು ದಿನ ತಿರುಗಿಸಿಯೇ ಇಟ್ಟೆ."

ಹಳೆಯ ತಂತ್ರಾಂಶ ದೊಡ್ಡ ಮನಸ್ಸಿನದು.
ಆರು ವರ್ಷ ಇವರ ಪತ್ರಗಳೆಲ್ಲ
ಇನ್ನೂ ಬಾರದ ಗಳಿಗೆಯಿಂದ ಬಂದವು,
ಯಾವ ಗಿರಾಕಿಯೂ ಯಾಕೆಂದು ಕೇಳಲಿಲ್ಲ.
ಹೊಸದಕ್ಕೆ ಐದು ನಿಮಿಷದಾಚೆ ಸೈರಣೆಯಿಲ್ಲ.
ನಾನೇ ಸೆವ್ರಿನ್ ಎಂದು ನಿಲ್ಲುವವರು
ಸರ್ವರಿನ ಹೊತ್ತಿನಲ್ಲೇ ನಿಲ್ಲಬೇಕು.

ತಿರುಗಿಸಿದೆ.
ಹೋದವು, ಒಂದೊಂದೇ, ಸುಯ್ ಸುಯ್ ಎಂದು.
ಬಾಯಿ ಪತ್ರಗಳ ಕಡೆ ನೋಡಲಿಲ್ಲ.
"ಇನ್ನೂ ಒಂಬತ್ತೇ?"
ಕೊಟ್ಟು ಮರೆತ ಸಾಲ ಯಾರೋ ವಾಪಸು ತಂದಂತೆ
ಸ್ವಲ್ಪ ಹೊತ್ತು ಎಲ್ಲಿಡಬೇಕೆಂದು ತಿಳಿಯಲಿಲ್ಲ ಅವರಿಗೆ.

ಎರಡನೇ ಗಡಿಯಾರ ಕೂರಿಸುತ್ತೇನೆ ಅಂದೆ,
ಒತ್ತಿದರೆ ಕಾಣುತ್ತದೆ.
"ಒತ್ತಿ ನೋಡುವುದಾದರೆ ಬೇಡ.
ಕಣ್ಣು ಹೋದಲ್ಲಿ ಇರಬೇಕಿತ್ತು."
ಆಮೇಲೆ ಕೈಗಡಿಯಾರ ಬಿಚ್ಚಿ
ಉಗುರಿನಿಂದ ತಿರುಪು ಎಳೆದು
ಮುಳ್ಳನ್ನು ಎರಡೂವರೆ ಸುತ್ತು ಓಡಿಸಿದರು.
"ಇದು ಅಪ್‌ಡೇಟ್ ಆಗುವುದಿಲ್ಲವಲ್ಲ?"
ಇಲ್ಲ ಬಾಯಿ, ಅಂದೆ.

ಕೆಳಗೆ ಕಾರಿನಲ್ಲಿ ಕೂತು ಕಾರ್ಡು ತುಂಬಿದೆ.
ದೋಷ: ಸಮಯ. ಬಿಡಿಭಾಗ: ಇಲ್ಲ.
ಆರಂಭ ಹತ್ತು ಇಪ್ಪತ್ತು. ಮುಕ್ತಾಯ ಒಂಬತ್ತು ಐದು.
ಆಫೀಸಿನಲ್ಲಿ ಕೇಳಿಯೇ ಕೇಳುತ್ತಾರೆ,
ಶುರುವಾಗುವ ಮೊದಲೇ ಮುಗಿಸಿದ್ದು ಹೇಗೆಂದು.
ಹೊಡೆದು ಹಾಕಲು ಪೆನ್ನೆತ್ತಿದೆ.
ಎಸಿ ತಣ್ಣಗಾಗುವವರೆಗೆ
ಹಾಗೇ ಹಿಡಿದುಕೊಂಡಿದ್ದೆ.